ಅಗ್ಗದ ಟಿಕೆಟ್ಟು, ಬೇರೆ ಹೆಸರು: ಯುರೋಪಿನ ವಿಮಾನಯಾನದಲ್ಲಿ ಅಂಗಸಂಸ್ಥೆಗಳ ಚರಿತ್ರೆ

ಯುರೋಪಿನಲ್ಲಿ ಅಗ್ಗದ ದರದ ವಿಮಾನಯಾನ ಬೆಳೆದುಬಂದ ಬಗೆಯನ್ನು ಇಬ್ಬರು ಮೂವರು ಸಾಹಸಿ ಉದ್ಯಮಿಗಳ ಕಥೆಯಾಗಿ ಹೇಳುವ ವಾಡಿಕೆಯಿದೆ. ಆ ಕಥೆಯಲ್ಲಿ ಸತ್ಯವಿದೆಯಾದರೂ ಅದು ಚರಿತ್ರೆಯ ಅರ್ಧಭಾಗ ಮಾತ್ರ. ಉಳಿದ ಅರ್ಧ ಅಂಗಸಂಸ್ಥೆಗಳಿಗೆ ಸೇರಿದ್ದು. ಒಂದು ದೊಡ್ಡ ಕಂಪನಿ ತನ್ನ ಬಂಡವಾಳ ಹಾಕಿ, ಬೇರೆ ಹೆಸರಿಟ್ಟು, ಬೇರೆ ಪರವಾನಗಿ ಪಡೆದು, ಬಹಳ ಸಲ ಬೇರೆಯದೇ ಆದ ಸಂಬಳ-ಸಾರಿಗೆಯ ಕರಾರಿನ ಮೇಲೆ ಸಿಬ್ಬಂದಿಯನ್ನು ನೇಮಿಸಿಕೊಂಡು ನಡೆಸುವ ಕಂಪನಿಯನ್ನು ಅಂಗಸಂಸ್ಥೆಯೆಂದೂ, ಅದರ ಒಡೆತನವುಳ್ಳದ್ದನ್ನು ಮಾತೃಸಂಸ್ಥೆಯೆಂದೂ ಕರೆಯುತ್ತಾರೆ. 1998ರಿಂದ ಈಚೆಗೆ ಯುರೋಪಿನ ಹೆಚ್ಚುಕಡಿಮೆ ಪ್ರತಿಯೊಂದು ದೊಡ್ಡ ವಿಮಾನಯಾನ ಸಂಸ್ಥೆಯೂ ಇಂಥ ಒಂದಲ್ಲ ಒಂದು ಸಂಸ್ಥೆಯನ್ನು ಹುಟ್ಟುಹಾಕಿದೆ, ಮಾರಿದೆ, ಮುಚ್ಚಿದೆ ಅಥವಾ ಇನ್ನೊಂದರಲ್ಲಿ ಕರಗಿಸಿದೆ. ಈ ಹುಟ್ಟುಸಾವುಗಳನ್ನು ಒಂದೆಡೆ ಇಟ್ಟು ನೋಡಿದಾಗ, ಅಗ್ಗದ ಟಿಕೆಟ್ಟಿನ ನಿಜವಾದ ಬೆಲೆ ಏನು, ಅದನ್ನು ತೆರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ತೆರೆದುಕೊಳ್ಳುತ್ತದೆ.

ಹಂಚಿಹೋಗಿದ್ದ ಆಕಾಶ

ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ 1944ರ ಕೊನೆಯಲ್ಲಿ ಷಿಕಾಗೋ ನಗರದಲ್ಲಿ ನೆರೆದ ರಾಷ್ಟ್ರಗಳ ಸಮ್ಮೇಳನವು, ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಸಾರ್ವಭೌಮತ್ವ ಇದೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಈ ತತ್ತ್ವದಿಂದಾಗಿ ಒಂದು ದೇಶದ ವಿಮಾನ ಇನ್ನೊಂದು ದೇಶಕ್ಕೆ ಪ್ರಯಾಣಿಕರನ್ನು ಒಯ್ಯಬೇಕಾದರೆ ಆ ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಬೇಕಿತ್ತು. 1946ರಲ್ಲಿ ಬ್ರಿಟನ್ ಮತ್ತು ಅಮೆರಿಕ ಬರ್ಮುಡಾದಲ್ಲಿ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದವು ಮುಂದಿನ ನೂರಾರು ಒಪ್ಪಂದಗಳಿಗೆ ಮಾದರಿಯಾಯಿತು. ಯುರೋಪಿನಲ್ಲಿ ಸಾಮಾನ್ಯವಾಗಿ ಎರಡು ರಾಜಧಾನಿಗಳ ನಡುವಣ ಮಾರ್ಗದಲ್ಲಿ ಆಯಾ ದೇಶದ ಒಂದೊಂದು ಸಂಸ್ಥೆ ಮಾತ್ರ ಹಾರಾಡುತ್ತಿತ್ತು. ದರವನ್ನು ಎರಡೂ ಸೇರಿ ಗೊತ್ತುಮಾಡಿ ಸರ್ಕಾರಗಳ ಒಪ್ಪಿಗೆ ಪಡೆಯುತ್ತಿದ್ದವು, ಅನೇಕ ಕಡೆ ಗಳಿಕೆಯನ್ನೂ ಕರಾರಿನಂತೆ ಹಂಚಿಕೊಳ್ಳುತ್ತಿದ್ದವು. ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್, ಲುಫ್ತಾನ್ಸಾ, ಅಲಿಟಾಲಿಯಾ, ಐಬೀರಿಯಾ, ಸಬೆನಾ ಮೊದಲಾದವು ಬರಿಯ ವ್ಯಾಪಾರ ಸಂಸ್ಥೆಗಳಾಗಿರದೆ ಆಯಾ ರಾಷ್ಟ್ರದ ಪ್ರತಿಷ್ಠೆಯನ್ನು ಬಾಲದ ಮೇಲೆ ಹೊತ್ತು ತಿರುಗುವ ಲಾಂಛನಗಳಾಗಿದ್ದವು.

ಈ ವ್ಯವಸ್ಥೆಯಲ್ಲಿ ಇದ್ದ ಒಂದೇ ಸಂದು ಚಾರ್ಟರ್ ವಿಮಾನಗಳದ್ದು. ನಿಗದಿತ ವೇಳಾಪಟ್ಟಿಯಿಲ್ಲದೆ, ಹೋಟೆಲ್ ವಾಸ್ತವ್ಯವನ್ನೂ ಸೇರಿಸಿದ ಪ್ರವಾಸದ ಭಾಗವಾಗಿ ಇಡೀ ವಿಮಾನವನ್ನೇ ಬಾಡಿಗೆಗೆ ಗೊತ್ತುಮಾಡುವ ಪದ್ಧತಿಗೆ ಚಾರ್ಟರ್ ಎಂದು ಹೆಸರು. ಬ್ರಿಟನ್ನಿನ ಮತ್ತು ಜರ್ಮನಿಯ ಕಾರ್ಮಿಕ ಕುಟುಂಬಗಳು ಸ್ಪೇನಿನ ಕಡಲತೀರಗಳನ್ನು ಮೊದಲು ಕಂಡದ್ದು ಈ ದಾರಿಯಿಂದ. ಒಂದೇ ವರ್ಗದ ಆಸನಗಳನ್ನು ಒತ್ತಾಗಿ ಜೋಡಿಸಿ, ವಿಮಾನವನ್ನು ತುಂಬಿಸಿಯೇ ಹಾರಿಸಿದರೆ ತಲಾ ವೆಚ್ಚ ಎಷ್ಟು ಇಳಿಯಬಲ್ಲುದು ಎಂಬುದನ್ನು ಚಾರ್ಟರ್‌ಗಳು ದಶಕಗಳ ಕಾಲ ತೋರಿಸಿಕೊಟ್ಟಿದ್ದವು. ಆದರೆ ನಿಗದಿತ ಸೇವೆಯ ಕೋಟೆಯೊಳಗೆ ಆ ಪಾಠಕ್ಕೆ ಪ್ರವೇಶವಿರಲಿಲ್ಲ. ಫ್ರೆಡ್ಡಿ ಲೇಕರ್ ಎಂಬ ಇಂಗ್ಲಿಷ್ ಉದ್ಯಮಿ 1977ರಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸ್ಕೈಟ್ರೇನ್ ಎಂಬ ಅಗ್ಗದ ಸೇವೆಯನ್ನು ಆರಂಭಿಸಿದನಾದರೂ, 1982ರ ಫೆಬ್ರವರಿಯಲ್ಲಿ ಅವನ ಕಂಪನಿ ಸಾಲದ ಹೊರೆಯಿಂದಲೂ ದೊಡ್ಡ ಸಂಸ್ಥೆಗಳ ದರಸಮರದಿಂದಲೂ ದಿವಾಳಿಯೆದ್ದಿತು.

ಕಾನೂನು ಬಿಚ್ಚಿದ ಗಂಟು

ಕೋಟೆಯ ಬಾಗಿಲನ್ನು ತೆರೆದದ್ದು ನ್ಯಾಯಾಲಯ. ಸರ್ಕಾರ ಒಪ್ಪಿದ ದರಕ್ಕಿಂತ ಕಡಿಮೆ ಬೆಲೆಗೆ ಟಿಕೆಟ್ ಮಾರಿದರೆಂದು ಫ್ರಾನ್ಸಿನಲ್ಲಿ ನೂವೆಲ್ ಫ್ರಾಂಟಿಯೆರ್ ಎಂಬ ಪ್ರವಾಸ ಸಂಸ್ಥೆಯೂ ಸೇರಿದಂತೆ ಹಲವರ ಮೇಲೆ ಹೂಡಲಾಗಿದ್ದ ಮೊಕದ್ದಮೆಯು ಐರೋಪ್ಯ ನ್ಯಾಯಾಲಯದವರೆಗೆ ಹೋಯಿತು. ಐರೋಪ್ಯ ಸಮುದಾಯಕ್ಕೆ ಬುನಾದಿಯಾದ ರೋಮ್ ಒಪ್ಪಂದದಲ್ಲಿರುವ ಸ್ಪರ್ಧೆಯ ನಿಯಮಗಳು ವಾಯುಸಾರಿಗೆಗೂ ಅನ್ವಯಿಸುತ್ತವೆ ಎಂದು 1986ರ ಏಪ್ರಿಲ್ 30ರಂದು ಆ ನ್ಯಾಯಾಲಯ ತೀರ್ಪಿತ್ತಿತು. ಇದಾದ ಮೇಲೆ, ಇಂದಿನ ಐರೋಪ್ಯ ಒಕ್ಕೂಟದ ಪೂರ್ವರೂಪವಾದ ಆ ಸಮುದಾಯವು 1987, 1990 ಮತ್ತು 1992ರಲ್ಲಿ ಮೂರು ಕಂತುಗಳಾಗಿ ನಿಯಮಗಳನ್ನು ಸಡಿಲಿಸಿತು. 1993ರ ಜನವರಿ 1ರಿಂದ ಜಾರಿಗೆ ಬಂದ ಮೂರನೆಯ ಕಂತು ಎಲ್ಲಕ್ಕಿಂತ ಮುಖ್ಯವಾದದ್ದು. ಅದರಂತೆ ಒಂದು ಸದಸ್ಯ ರಾಷ್ಟ್ರದಲ್ಲಿ ಪರವಾನಗಿ ಪಡೆದ ಸಂಸ್ಥೆ, ತನ್ನ ಒಡೆತನದ ಬಹುಪಾಲು ಸದಸ್ಯ ರಾಷ್ಟ್ರಗಳ ಅಥವಾ ಅವುಗಳ ಪ್ರಜೆಗಳ ಕೈಯಲ್ಲಿದ್ದರೆ, ಸಮುದಾಯದೊಳಗಿನ ಯಾವುದೇ ಎರಡು ದೇಶಗಳ ನಡುವೆ ತನಗೆ ತೋಚಿದ ದರದಲ್ಲಿ ಹಾರಬಹುದಾಯಿತು. ಒಂದು ದೇಶದ ಸಂಸ್ಥೆ ಇನ್ನೊಂದು ದೇಶದ ಒಳಗಿನ ಎರಡು ಊರುಗಳ ನಡುವೆ ಸೇವೆ ನಡೆಸುವ ಹಕ್ಕಿಗೆ ಕ್ಯಾಬೊಟಾಜ್ ಎನ್ನುತ್ತಾರೆ. ಅದರ ಮೇಲಿದ್ದ ಕೊನೆಯ ನಿರ್ಬಂಧಗಳು 1997ರ ಏಪ್ರಿಲ್ 1ರಂದು ತೊಲಗಿದವು.

ಈ ಕಾನೂನಿನ ಒಂದು ಲಕ್ಷಣವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಸುತ್ತ ನಡೆಯುತ್ತದೆ. ಮಾರುಕಟ್ಟೆ ಒಂದಾಯಿತಾದರೂ ಕಾರ್ಮಿಕ ಕಾನೂನು, ತೆರಿಗೆ, ಪಿಂಚಣಿ, ಸಾಮಾಜಿಕ ವಿಮೆಗಳು ಒಂದಾಗಲಿಲ್ಲ. ವಿಮಾನ ಎಲ್ಲಿ ಬೇಕಾದರೂ ಹಾರಬಹುದಿತ್ತು. ಆದರೆ ಅದರ ಪರವಾನಗಿ ಯಾವ ದೇಶದ್ದು, ಪೈಲಟ್‌ನ ನೇಮಕಾತಿ ಯಾವ ದೇಶದ ಕಾನೂನಿನಡಿ ಆಯಿತು ಎಂಬುದನ್ನು ಅವಲಂಬಿಸಿ ವೆಚ್ಚ ಹೆಚ್ಚುಕಡಿಮೆಯಾಗುತ್ತಿತ್ತು. ಹೊಸ ಹೆಸರಿನ ಕಂಪನಿಯನ್ನು ಹೊಸ ಜಾಗದಲ್ಲಿ ನೋಂದಾಯಿಸುವ ಆಸೆಗೆ ಬೀಜ ಬಿದ್ದದ್ದು ಈ ಬಿರುಕಿನಲ್ಲಿ.

ಐರ್ಲೆಂಡಿನಿಂದ ಬಂದ ಮಾದರಿ

ಐರ್ಲೆಂಡ್ ಮತ್ತು ಬ್ರಿಟನ್ ಈ ಬದಲಾವಣೆಗೆ ಉಳಿದವರಿಗಿಂತ ಮೊದಲು ಮನಸ್ಸು ಮಾಡಿದ್ದವು. ವಿಮಾನಗಳನ್ನು ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ಹೆಸರು ಮಾಡಿದ್ದ ಟೋನಿ ರಯಾನ್‌ನ ಕುಟುಂಬ ಕಟ್ಟಿದ ರಯಾನ್‌ಏರ್, 1985ರ ಜುಲೈಯಲ್ಲಿ 15 ಆಸನಗಳ ಪುಟ್ಟ ವಿಮಾನದೊಂದಿಗೆ ವಾಟರ್‌ಫರ್ಡ್ ಪಟ್ಟಣದಿಂದ ಲಂಡನ್ನಿನ ಗ್ಯಾಟ್‌ವಿಕ್‌ಗೆ ಸೇವೆ ಆರಂಭಿಸಿತು. ಮರುವರ್ಷ ಡಬ್ಲಿನ್‌ನಿಂದ ಲಂಡನ್ ಬಳಿಯ ಲೂಟನ್‌ಗೆ ಹಾರಲು ಅನುಮತಿ ಸಿಕ್ಕಾಗ, ಅದುವರೆಗೆ ಎರಡು ರಾಷ್ಟ್ರೀಯ ಸಂಸ್ಥೆಗಳು ಹೋಗಿಬರುವುದಕ್ಕೆ ವಸೂಲು ಮಾಡುತ್ತಿದ್ದ 209 ಪೌಂಡಿನ ಅರ್ಧಕ್ಕಿಂತ ಕಡಿಮೆ ದರವನ್ನು ಅದು ಪ್ರಕಟಿಸಿತು. ದುಡಿಮೆಗಾಗಿ ಇಂಗ್ಲೆಂಡಿಗೆ ಹೋಗಿ, ಹಡಗು ಮತ್ತು ರೈಲು ಹಿಡಿದು ಊರಿಗೆ ಬರುತ್ತಿದ್ದ ಐರಿಷ್ ಜನರಿಗೆ ವಿಮಾನ ಕೈಗೆಟುಕಿದ್ದು ಆಗ.

ಆದರೂ ಕಂಪನಿ ನಷ್ಟದಲ್ಲೇ ನಡೆಯಿತು. 1990ರ ಹೊತ್ತಿಗೆ ಸುಮಾರು 2 ಕೋಟಿ ಪೌಂಡ್ ಕರಗಿಹೋಗಿತ್ತು. ಟೋನಿ ರಯಾನ್‌ನ ಆಪ್ತಸಹಾಯಕನಾಗಿದ್ದ ಮೈಕೆಲ್ ಒ'ಲಿಯರಿ ಅಮೆರಿಕಕ್ಕೆ ಹೋಗಿ ಟೆಕ್ಸಾಸ್‌ನ ಸೌತ್‌ವೆಸ್ಟ್ ಸಂಸ್ಥೆಯ ಕಾರ್ಯಪದ್ಧತಿಯನ್ನು ಹತ್ತಿರದಿಂದ ನೋಡಿ ಬಂದನು. 1971ರಿಂದ ಹಾರುತ್ತಿದ್ದ ಸೌತ್‌ವೆಸ್ಟ್, ಬೋಯಿಂಗ್ 737 ಎಂಬ ಒಂದೇ ಬಗೆಯ ವಿಮಾನವನ್ನು ನೆಚ್ಚಿಕೊಂಡಿತ್ತು. ಇದರಿಂದ ಪೈಲಟ್‌ಗಳ ತರಬೇತಿ, ಬಿಡಿಭಾಗಗಳ ದಾಸ್ತಾನು, ದುರಸ್ತಿ ಎಲ್ಲವೂ ಸರಳವಾಗುತ್ತಿದ್ದವು. ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಮೇಲೇರಿಸುವುದರಿಂದ ದಿನಕ್ಕೆ ಒಂದೆರಡು ಸುತ್ತು ಹೆಚ್ಚಾಗಿ ಹಾರಿಸಬಹುದಿತ್ತು. ರಯಾನ್‌ಏರ್ ಈ ಸೂತ್ರಗಳನ್ನು ತಂದು ಇನ್ನಷ್ಟು ಬಿಗಿಗೊಳಿಸಿತು. ಉಚಿತ ಊಟ ನಿಂತಿತು, ವಿಮಾನ ಬದಲಿಸುವವರ ಸಾಮಾನನ್ನು ಮುಂದಿನ ವಿಮಾನಕ್ಕೆ ಸಾಗಿಸುವ ಹೊಣೆ ಬಿಟ್ಟುಹೋಯಿತು, ದೊಡ್ಡ ನಗರಗಳ ದುಬಾರಿ ನಿಲ್ದಾಣಗಳ ಬದಲು ದೂರದ ಸಣ್ಣ ನಿಲ್ದಾಣಗಳು ಆಯ್ಕೆಯಾದವು. 1994ರಲ್ಲಿ ಒ'ಲಿಯರಿ ಮುಖ್ಯಾಧಿಕಾರಿಯಾದನು. 1997ರಲ್ಲಿ ಕಂಪನಿ ಷೇರು ಪೇಟೆಗೆ ಬಂದಿತು, ಅದೇ ವರ್ಷ ಮುಖ್ಯ ಭೂಖಂಡದ ಕಡೆಗೆ ಅದರ ಹಾರಾಟ ಶುರುವಾಯಿತು.

ಅಷ್ಟರಲ್ಲಿ ಸೈಪ್ರಸ್ ಮೂಲದ ಹಡಗು ವ್ಯಾಪಾರಿ ಮನೆತನದ ಸ್ಟೆಲಿಯೊಸ್ ಹಾಜಿ-ಇಯೊಆನ್ನು ಕಟ್ಟಿದ ಈಸಿಜೆಟ್ 1995ರ ನವೆಂಬರ್ 10ರಂದು ಲೂಟನ್‌ನಿಂದ ಗ್ಲಾಸ್ಗೋಗೆ ಹಾರಿತ್ತು. ಬಾಡಿಗೆಗೆ ಪಡೆದ ಎರಡು ಬೋಯಿಂಗ್ 737, 29 ಪೌಂಡಿನ ಟಿಕೆಟ್, ವಿಮಾನದ ಮೈಮೇಲೆಯೇ ಕಿತ್ತಳೆ ಬಣ್ಣದಲ್ಲಿ ಬರೆಸಿದ ದೂರವಾಣಿ ಸಂಖ್ಯೆ, ಇವಿಷ್ಟು ಅದರ ಆರಂಭದ ಆಸ್ತಿ. ಟ್ರಾವೆಲ್ ಏಜೆಂಟರ ದಲ್ಲಾಳಿಯನ್ನು ಉಳಿಸಲು ಪ್ರಯಾಣಿಕರಿಗೆ ನೇರವಾಗಿ ಟಿಕೆಟ್ ಮಾರುವುದು ಅದರ ನಿಯಮವಾಗಿತ್ತು. 1998ರಿಂದ ಆ ಮಾರಾಟ ಅಂತರ್ಜಾಲಕ್ಕೆ ವರ್ಗವಾಗತೊಡಗಿತು.

ಮೊದಲ ಮಕ್ಕಳು: ಗೋ ಮತ್ತು ಬಝ್

ಹಳೆಯ ಸಂಸ್ಥೆಗಳಿಗೆ ಈಗ ಮೂರು ದಾರಿಗಳಿದ್ದವು: ಹೊಸಬರನ್ನು ಅಲಕ್ಷಿಸುವುದು, ತಮ್ಮ ದರವನ್ನೇ ಇಳಿಸುವುದು, ಇಲ್ಲವೇ ಹೊಸಬರಂತೆಯೇ ಇರುವ ಒಂದು ಸಂಸ್ಥೆಯನ್ನು ತಾವೇ ಹುಟ್ಟಿಸುವುದು. ಮೂರನೆಯ ದಾರಿಯ ಅಪಾಯಗಳು ಅಮೆರಿಕದಲ್ಲಿ ಆಗಲೇ ಕಂಡಿದ್ದವು. ಅಲ್ಲಿ ಕಾಂಟಿನೆಂಟಲ್ ಸಂಸ್ಥೆ 1993ರಲ್ಲಿ ತನ್ನೊಳಗೇ ತೆರೆದ ಕಾಂಟಿನೆಂಟಲ್ ಲೈಟ್ ಎಂಬ ಅಗ್ಗದ ಶಾಖೆ ಎರಡೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ಹೀಗಿದ್ದೂ ಬ್ರಿಟಿಷ್ ಏರ್‌ವೇಸ್‌ನ ಮುಖ್ಯಾಧಿಕಾರಿ ಬಾಬ್ ಏಲಿಂಗ್ ಈ ಪ್ರಯೋಗಕ್ಕೆ ಕೈಹಾಕಿ, ಅಮೆರಿಕನ್ ಮಹಿಳೆ ಬಾರ್ಬರಾ ಕಸಾನಿಯ ಮುಂದಾಳತ್ವದಲ್ಲಿ ಗೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. 1998ರ ಮೇ 22ರಂದು ಅದರ ಮೊದಲ ವಿಮಾನ ಲಂಡನ್ನಿನ ಸ್ಟಾನ್‌ಸ್ಟೆಡ್‌ನಿಂದ ರೋಮ್‌ಗೆ ಹೊರಟಾಗ ಈಸಿಜೆಟ್‌ನ ಸ್ಟೆಲಿಯೊಸ್ ತನ್ನ ಸಂಗಡಿಗರೊಂದಿಗೆ ಕಿತ್ತಳೆ ಬಣ್ಣದ ಉಡುಪು ತೊಟ್ಟು ಅದೇ ವಿಮಾನವನ್ನೇರಿ ಪ್ರತಿಭಟನೆಯನ್ನೂ ಪ್ರಚಾರವನ್ನೂ ಒಟ್ಟಿಗೆ ಸಾಧಿಸಿದನು. ದೊಡ್ಡ ಸಂಸ್ಥೆ ತನ್ನ ಬೇರೆ ಮಾರ್ಗಗಳ ಲಾಭದಿಂದ ಈ ಮರಿ ಸಂಸ್ಥೆಯ ನಷ್ಟವನ್ನು ತುಂಬಿಕೊಟ್ಟು ಸಣ್ಣ ಪ್ರತಿಸ್ಪರ್ಧಿಗಳನ್ನು ಹೊಸಕಿಹಾಕುತ್ತದೆ ಎಂಬ ಅವನ ಆಕ್ಷೇಪ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಗೋ ಸೋಲಲಿಲ್ಲ, ಅದರ ತೊಡಕು ಗೆಲುವಿನಲ್ಲಿತ್ತು. ಅದು ಬೆಳೆದಷ್ಟೂ ಮಾತೃಸಂಸ್ಥೆಯ ಪ್ರಯಾಣಿಕರನ್ನೇ ಸೆಳೆದುಕೊಳ್ಳುವ ಭಯವಿತ್ತು, ಬೆಳೆಯದಿದ್ದರೆ ಈಸಿಜೆಟ್ ಮತ್ತು ರಯಾನ್‌ಏರ್‌ಗಳನ್ನು ತಡೆಯಲು ಅದರಿಂದ ಆಗುತ್ತಿರಲಿಲ್ಲ. 2000ದಲ್ಲಿ ಏಲಿಂಗ್ ಹುದ್ದೆ ಕಳೆದುಕೊಂಡ ಮೇಲೆ ಬಂದ ರಾಡ್ ಎಡಿಂಗ್ಟನ್, ದುಬಾರಿ ಟಿಕೆಟ್ಟಿನ ಪ್ರಯಾಣಿಕರನ್ನು ನೆಚ್ಚಿಕೊಂಡ ಸಂಸ್ಥೆಯೊಂದರ ಮನೆಯೊಳಗೆ ಅಗ್ಗದ ಸಂಸ್ಥೆಗೆ ಎಡೆಯಿಲ್ಲವೆಂದು ನಿರ್ಧರಿಸಿದನು. 2001ರಲ್ಲಿ ಕಸಾನಿ ಮತ್ತು ಅವಳ ಸಹೋದ್ಯೋಗಿಗಳು, ತ್ರೀಐ ಎಂಬ ಹೂಡಿಕೆ ಸಂಸ್ಥೆಯ ಬೆಂಬಲದಿಂದ, ಸುಮಾರು 11 ಕೋಟಿ ಪೌಂಡಿಗೆ ಗೋ ಸಂಸ್ಥೆಯನ್ನು ಕೊಂಡರು. ಮರುವರ್ಷ ಅದನ್ನು 37.4 ಕೋಟಿ ಪೌಂಡಿಗೆ ಕೊಂಡದ್ದು ಈಸಿಜೆಟ್. ಈಸಿಜೆಟ್ಟನ್ನು ಎದುರಿಸಲೆಂದು ಬ್ರಿಟಿಷ್ ಏರ್‌ವೇಸ್ ಸಾಕಿ ಬೆಳೆಸಿದ ಸಂಸ್ಥೆ ಕೊನೆಗೆ ಈಸಿಜೆಟ್ಟಿನ ಬಲವನ್ನೇ ಹೆಚ್ಚಿಸಿತು.

ಡಚ್ಚರ ಕೆಎಲ್‌ಎಂ ತನ್ನ ಬ್ರಿಟಿಷ್ ಶಾಖೆಯಿಂದ 2000ದ ಆರಂಭದಲ್ಲಿ ಹೊರಡಿಸಿದ ಬಝ್ ಸಂಸ್ಥೆಗೆ ಗೋ ಕಂಡ ಯಶಸ್ಸೂ ದಕ್ಕಲಿಲ್ಲ. ಅದಕ್ಕೆ ಬಳುವಳಿಯಾಗಿ ಬಂದದ್ದು ನಾಲ್ಕು ಎಂಜಿನ್‌ಗಳ ಬಿಎಇ 146 ಎಂಬ ಸಣ್ಣ ವಿಮಾನಗಳು. ಎರಡು ಎಂಜಿನ್‌ಗಳ ಬೋಯಿಂಗ್ 737ಕ್ಕಿಂತ ಕಡಿಮೆ ಜನರನ್ನು ಹೊತ್ತು ಎರಡು ಪಟ್ಟು ಎಂಜಿನ್‌ಗಳ ನಿರ್ವಹಣೆಯನ್ನು ಬೇಡುವ ಆ ವಿಮಾನಗಳಿಂದ ಅಗ್ಗದ ದರವನ್ನು ಬಹುಕಾಲ ತಾಳಿಕೊಳ್ಳಲು ಸಾಧ್ಯವಿರಲಿಲ್ಲ. 2003ರಲ್ಲಿ ರಯಾನ್‌ಏರ್ ಅದನ್ನು ಕೊಂಡು, ಹೆಚ್ಚಿನ ಮಾರ್ಗಗಳನ್ನೂ ವಿಮಾನಗಳನ್ನೂ ಕೈಬಿಟ್ಟು, ಸ್ಟಾನ್‌ಸ್ಟೆಡ್‌ನಲ್ಲಿ ಅದಕ್ಕಿದ್ದ ಜಾಗವನ್ನು ತನ್ನದಾಗಿಸಿಕೊಂಡಿತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಅದೇ ವರ್ಷ ಆರಂಭಿಸಿದ ಸ್ನೋಫ್ಲೇಕ್ ಕೂಡ ಹೆಚ್ಚು ಕಾಲ ಬಾಳಲಿಲ್ಲ. ಹೆಸರು, ಬಣ್ಣ, ಸಮವಸ್ತ್ರಗಳನ್ನು ಬದಲಿಸುವುದು ಸುಲಭವೆಂದೂ, ಹಳೆಯ ಮನೆಯಿಂದ ಬಂದ ವಿಮಾನ, ಒಪ್ಪಂದ ಮತ್ತು ಅಭ್ಯಾಸಗಳನ್ನು ಬದಲಿಸುವುದು ಕಷ್ಟವೆಂದೂ ಈ ಮೊದಲ ತಲೆಮಾರು ತೋರಿಸಿಕೊಟ್ಟಿತು.

ಬಿಕ್ಕಟ್ಟು ಮತ್ತು ವಿಸ್ತರಣೆ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪ್ರಯಾಣಿಕರ ಸಂಖ್ಯೆ ಕುಸಿದಾಗ, ಮೊದಲೇ ಸಾಲದಲ್ಲಿದ್ದ ಹಳೆಯ ಸಂಸ್ಥೆಗಳು ತತ್ತರಿಸಿದವು. ಅಕ್ಟೋಬರ್ 2ರಂದು ಸ್ವಿಸ್‌ಏರ್‌ನ ವಿಮಾನಗಳು ಹಣವಿಲ್ಲದೆ ನೆಲಕ್ಕೆ ಅಂಟಿ ನಿಂತವು. ನವೆಂಬರ್‌ನಲ್ಲಿ ಬೆಲ್ಜಿಯಂನ ಸಬೆನಾ ದಿವಾಳಿಯಾಯಿತು. ಅಗ್ಗದ ಸಂಸ್ಥೆಗಳಿಗೆ ಅದೇ ಬಿಕ್ಕಟ್ಟು ವಿಮಾನಗಳನ್ನು ಕಡಿಮೆ ಬೆಲೆಗೆ ಕೊಳ್ಳುವ ಅವಕಾಶವಾಯಿತು. 2002ರ ಜನವರಿಯಲ್ಲಿ ರಯಾನ್‌ಏರ್ 100 ಬೋಯಿಂಗ್ 737-800 ವಿಮಾನಗಳಿಗೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಈಸಿಜೆಟ್ 120 ಏರ್‌ಬಸ್ ಎ319 ವಿಮಾನಗಳಿಗೆ ಬೇಡಿಕೆಯಿಟ್ಟವು.

ಇಷ್ಟೊಂದು ವಿಮಾನಗಳಿಗೆ ಬೇಕಾದ ನಿಲ್ದಾಣಗಳು ಮರೆತುಹೋದ ಮೂಲೆಗಳಲ್ಲಿ ಸಿಕ್ಕವು. ಅಮೆರಿಕದ ವಾಯುಪಡೆಯ ನೆಲೆಯಾಗಿದ್ದು ಶೀತಲ ಸಮರ ಮುಗಿದ ಮೇಲೆ ಖಾಲಿಬಿದ್ದ ಜರ್ಮನಿಯ ಹಾನ್, ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿಲೋಮೀಟರ್ ದೂರವಿದ್ದರೂ ಆ ಮಹಾನಗರದ ಹೆಸರನ್ನು ತಗುಲಿಸಿಕೊಂಡು ರಯಾನ್‌ಏರ್‌ನ ಕೇಂದ್ರವಾಯಿತು. ಕಲ್ಲಿದ್ದಲು ಗಣಿಗಳು ಮುಚ್ಚಿ ಬಡವಾಗಿದ್ದ ಬೆಲ್ಜಿಯಂನ ಶಾರ್ಲೆರ್ವಾ 2001ರಲ್ಲಿ ಮುಖ್ಯ ಭೂಖಂಡದಲ್ಲಿ ಅದರ ಮೊದಲ ನೆಲೆಯಾಯಿತು. ಅಲ್ಲಿನ ಪ್ರಾದೇಶಿಕ ಸರ್ಕಾರ ನೀಡಿದ ರಿಯಾಯಿತಿಗಳಲ್ಲಿ ಕೆಲವು ಅಕ್ರಮ ಸರ್ಕಾರಿ ನೆರವೆಂದು ಐರೋಪ್ಯ ಆಯೋಗ 2004ರಲ್ಲಿ ತೀರ್ಮಾನಿಸಿತಾದರೂ, ಕಾನೂನನ್ನು ಅನ್ವಯಿಸುವುದರಲ್ಲಾದ ದೋಷಕ್ಕಾಗಿ ಆ ತೀರ್ಮಾನವನ್ನು 2008ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಸಾರ್ವಜನಿಕರ ತೆರಿಗೆಯ ಹಣ ಅಗ್ಗದ ಟಿಕೆಟ್ಟಿನಲ್ಲಿ ಎಷ್ಟು ಬೆರೆತಿದೆ ಎಂಬ ಚರ್ಚೆ ಅಂದಿನಿಂದ ನಿಂತಿಲ್ಲ.

2004ರ ಮೇ 1ರಂದು ಪೋಲೆಂಡ್, ಹಂಗೇರಿ ಸೇರಿದಂತೆ ಹತ್ತು ದೇಶಗಳು ಐರೋಪ್ಯ ಒಕ್ಕೂಟವನ್ನು ಸೇರಿದವು. ಯೋಸೆಫ್ ವಾರಾದಿಯ ನೇತೃತ್ವದ ಹಂಗೇರಿಯ ವಿಝ್ ಏರ್ ಅದಾದ ಮೂರು ವಾರಗಳೊಳಗೆ, ಮೇ 19ರಂದು, ಪೋಲೆಂಡಿನ ಕಾಟೊವಿತ್ಸೆಯಿಂದ ಲಂಡನ್ ಬಳಿಯ ಲೂಟನ್‌ಗೆ ಮೊದಲ ವಿಮಾನ ಹಾರಿಸಿತು. ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಹೊಸ ಸದಸ್ಯ ದೇಶಗಳ ಕಾರ್ಮಿಕರಿಗೆ ಕೂಡಲೇ ಬಾಗಿಲು ತೆರೆದಿದ್ದರಿಂದ ಪೂರ್ವ ಯುರೋಪಿನ ಬಡಗಿಗಳು, ದಾದಿಯರು, ಕಟ್ಟಡ ಕೆಲಸಗಾರರು ಈ ವಿಮಾನಗಳನ್ನು ತುಂಬಿದರು. ದಿನಗಟ್ಟಲೆ ಬಸ್ಸಿನಲ್ಲಿ ಕುಳಿತು ಹೋಗಬೇಕಿದ್ದ ದುಡಿಯುವ ಮಗ ಹಬ್ಬಕ್ಕೆ ಮನೆಗೆ ಬಂದು ಹೋಗುವಂತಾದದ್ದು ಈ ಯುಗದ ದೊಡ್ಡ ಸಾಮಾಜಿಕ ಲಾಭ. ಅಗ್ಗದ ವಿಮಾನಯಾನದ ಲೆಕ್ಕವನ್ನು ಬರೆಯುವವರು ಇದನ್ನು ಜಮಾ ಕಡೆಯಲ್ಲಿ ಮರೆಯದೆ ಬರೆಯಬೇಕು.

ಎರಡನೆಯ ತಲೆಮಾರು ಮತ್ತು ಮುಷ್ಕರಗಳ ಕಾಲ

ಹಳೆಯ ಸಂಸ್ಥೆಗಳು ಎರಡನೆಯ ಸಲ ಪ್ರಯತ್ನಿಸಿದಾಗ ಗೋ ಕಲಿಸಿದ ಪಾಠವನ್ನು ನೆನಪಿಟ್ಟುಕೊಂಡಿದ್ದವು. ಲುಫ್ತಾನ್ಸಾ ನೇರವಾಗಿ ಮುಂದೆ ಬರದೆ, ತಾನು ಷೇರು ಹೊಂದಿದ್ದ ಯೂರೋವಿಂಗ್ಸ್‌ನ ಮೂಲಕ 2002ರ ಅಕ್ಟೋಬರ್‌ನಲ್ಲಿ ಕಲೋನ್-ಬಾನ್ ನಿಲ್ದಾಣದಿಂದ ಜರ್ಮನ್‌ವಿಂಗ್ಸ್ ಸೇವೆಯನ್ನು ಆರಂಭಿಸಿತು. 2009ರಲ್ಲಿ ಅದನ್ನು ಪೂರ್ತಿಯಾಗಿ ಕೈಗೆ ತೆಗೆದುಕೊಂಡಿತು. 2013ರಿಂದ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗಳನ್ನು ಬಿಟ್ಟು ಉಳಿದ ಜರ್ಮನ್ ನಗರಗಳಿಂದ ಯುರೋಪಿನೊಳಗೆ ಹೋಗುವ ತನ್ನ ಸೇವೆಗಳನ್ನು ಅದು ಜರ್ಮನ್‌ವಿಂಗ್ಸ್‌ಗೆ ಒಪ್ಪಿಸತೊಡಗಿತು. ಆದರೆ ಜರ್ಮನ್‌ವಿಂಗ್ಸ್‌ನ ಪೈಲಟ್‌ಗಳು ಲುಫ್ತಾನ್ಸಾ ಸಮೂಹದ ಸಾಮೂಹಿಕ ವೇತನ ಒಪ್ಪಂದದ ಒಳಗೆ ಬಂದಿದ್ದರು. ಒಂದು ಸಮೂಹದ ಹಲವು ಕಂಪನಿಗಳ ನೌಕರರಿಗೆ ಒಂದೇ ಬಗೆಯ ಸೇವಾ ನಿಯಮಗಳನ್ನು ಖಾತರಿಪಡಿಸುವ ಕರಾರು ಅದು. ಆದ್ದರಿಂದ ಮುಂದಿನ ಬೆಳವಣಿಗೆಗೆ ಸಂಸ್ಥೆ ಆರಿಸಿಕೊಂಡದ್ದು ಆ ಒಪ್ಪಂದದ ಹೊರಗಿದ್ದ ಯೂರೋವಿಂಗ್ಸನ್ನು. ಯಾವ ಮಗು ಬೆಳೆಯಬೇಕು, ಯಾವುದು ಬೆಳೆಯಬಾರದು ಎಂಬುದನ್ನು ಪ್ರಯಾಣಿಕರ ಒಲವಿಗಿಂತ ವೇತನದ ಕರಾರು ನಿರ್ಧರಿಸಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಪೈಲಟ್‌ಗಳು ಇದನ್ನು ಕಾಣದೆ ಇರಲಿಲ್ಲ. 2014ರಿಂದ 2016ರವರೆಗೆ ಜರ್ಮನ್ ಪೈಲಟ್‌ಗಳ ಸಂಘ ನಿವೃತ್ತಿ ಸೌಲಭ್ಯ ಮತ್ತು ವೇತನದ ಬೇಡಿಕೆಗಳನ್ನು ಮುಂದಿಟ್ಟು ಮೇಲಿಂದ ಮೇಲೆ ಮುಷ್ಕರ ಹೂಡಿತು. 2015ರ ಸೆಪ್ಟೆಂಬರ್‌ನಲ್ಲಿ ಹೆಸ್ಸೆ ರಾಜ್ಯದ ಕಾರ್ಮಿಕ ನ್ಯಾಯಾಲಯವು, ಮುಷ್ಕರದ ನಿಜವಾದ ಗುರಿ ಅಗ್ಗದ ಅಂಗಸಂಸ್ಥೆಯ ಯೋಜನೆಯನ್ನು ತಡೆಯುವುದೇ ಆಗಿದೆ, ಕಂಪನಿಯ ಅಂಥ ತೀರ್ಮಾನ ವೇತನ ಮಾತುಕತೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ ಅದನ್ನು ನಿಲ್ಲಿಸಿತು. ಅದೇ ವರ್ಷದ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಡ್ಯುಸೆಲ್‌ಡಾರ್ಫ್‌ಗೆ ಹೊರಟಿದ್ದ ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ ಉದ್ದೇಶಪೂರ್ವಕವಾಗಿ ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ, ಅದರಲ್ಲಿದ್ದ 150 ಮಂದಿಯೂ ಮಡಿದಿದ್ದರು. ಆ ದುರಂತಕ್ಕೂ ಸಂಸ್ಥೆಯ ದರನೀತಿಗೂ ಸಂಬಂಧವಿರಲಿಲ್ಲ. ಜರ್ಮನ್‌ವಿಂಗ್ಸ್ ಎಂಬ ಹೆಸರನ್ನು ಬಿಟ್ಟು ಯೂರೋವಿಂಗ್ಸ್ ಹೆಸರಿಗೆ ಹೊರಳುವ ನಿರ್ಧಾರವೂ ಅದಕ್ಕೆ ಮುಂಚೆಯೇ ಆಗಿತ್ತು. ಕೋವಿಡ್ ಬಂದ 2020ರಲ್ಲಿ ಜರ್ಮನ್‌ವಿಂಗ್ಸ್ ಪೂರ್ತಿಯಾಗಿ ಮುಚ್ಚಿತು.

ಫ್ರಾನ್ಸಿನಲ್ಲಿ ಹೋರಾಟ ಇನ್ನೂ ತೀವ್ರವಾಗಿತ್ತು. ಕೆಎಲ್‌ಎಂಗೆ ಸೇರಿದ್ದ ಹಳೆಯ ಡಚ್ ಚಾರ್ಟರ್ ಸಂಸ್ಥೆ ಟ್ರಾನ್ಸೇವಿಯಾದ ಹೆಸರಿನಲ್ಲಿ ಏರ್ ಫ್ರಾನ್ಸ್ 2007ರಲ್ಲಿ ಪ್ಯಾರಿಸ್ಸಿನ ಓರ್ಲಿಯಿಂದ ಟ್ರಾನ್ಸೇವಿಯಾ ಫ್ರಾನ್ಸ್ ಎಂಬ ಅಗ್ಗದ ಸಂಸ್ಥೆಯನ್ನು ಆರಂಭಿಸಿದಾಗ, ಪೈಲಟ್‌ಗಳೊಡನೆ ಮಾಡಿಕೊಂಡ ಒಪ್ಪಂದ ಅದರ ವಿಮಾನಗಳ ಸಂಖ್ಯೆಯನ್ನು 14ಕ್ಕೆ ಮಿತಿಗೊಳಿಸಿತ್ತು. 2014ರಲ್ಲಿ ಆ ಮಿತಿಯನ್ನು ದಾಟಲು, ಜೊತೆಗೆ ಫ್ರಾನ್ಸಿನ ಹೊರಗೆ ನೆಲೆಗಳುಳ್ಳ ಟ್ರಾನ್ಸೇವಿಯಾ ಯುರೋಪ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಲು ಆಡಳಿತ ಹೊರಟಾಗ, ಸೆಪ್ಟೆಂಬರ್ 15ರಿಂದ ಎರಡು ವಾರ ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಸಂಸ್ಥೆಗೆ 40 ಕೋಟಿ ಯುರೋಗಳಿಗೂ ಹೆಚ್ಚು ನಷ್ಟವಾಯಿತು, ಟ್ರಾನ್ಸೇವಿಯಾ ಯುರೋಪ್ ಹುಟ್ಟುವ ಮೊದಲೇ ಸತ್ತಿತು. ಆದರೆ ಫ್ರಾನ್ಸಿನೊಳಗಿನ ಟ್ರಾನ್ಸೇವಿಯಾ ಮಾತುಕತೆಯ ದಾರಿಯಲ್ಲಿ ಮೆಲ್ಲನೆ ಬೆಳೆಯಿತು. 2023ರಲ್ಲಿ ಏರ್ ಫ್ರಾನ್ಸ್ ಓರ್ಲಿಯಲ್ಲಿನ ತನ್ನ ದೇಶೀಯ ಸೇವೆಗಳನ್ನು ಬಹುಪಾಲು ಅದಕ್ಕೇ ಬಿಟ್ಟುಕೊಡುವುದಾಗಿ ಪ್ರಕಟಿಸಿತು. ಇದಕ್ಕೆ ಎದುರಾಗಿ, ಯುವ ಪ್ರಯಾಣಿಕರಿಗೆಂದು 2017ರ ಡಿಸೆಂಬರ್‌ನಲ್ಲಿ ಅದು ತೆರೆದ ಜೂನ್ ಎಂಬ ಸಂಸ್ಥೆ ಒಂದೂವರೆ ವರ್ಷದಲ್ಲಿ ಮುಚ್ಚಿತು. ಜೂನ್‌ನ ಪೈಲಟ್‌ಗಳು ಏರ್ ಫ್ರಾನ್ಸಿನವರೇ ಆಗಿದ್ದು ವಿಮಾನದೊಳಗಿನ ಪರಿಚಾರಕ ಸಿಬ್ಬಂದಿಯ ವೇತನದಲ್ಲಿ ಮಾತ್ರ ಉಳಿತಾಯವಿತ್ತು. ಅದು ಅಗ್ಗದ ಸಂಸ್ಥೆಯೋ ಅಲ್ಲವೋ ಎಂಬುದು ಪ್ರಯಾಣಿಕರಿಗೂ ತಿಳಿಯಲಿಲ್ಲ.

ಸ್ಪೇನಿನಲ್ಲಿ ಬೇರೊಂದು ಬಗೆ ಫಲಿಸಿತು. 2004ರಲ್ಲಿ ಬಾರ್ಸಿಲೋನಾದಲ್ಲಿ ಸ್ವತಂತ್ರವಾಗಿ ಹುಟ್ಟಿದ ವುಯೆಲಿಂಗ್, ಐಬೀರಿಯಾದ ಪಾಲಿದ್ದ ಕ್ಲಿಕ್‌ಏರ್‌ನೊಂದಿಗೆ 2009ರಲ್ಲಿ ಸೇರಿಕೊಂಡಿತು. ಬ್ರಿಟಿಷ್ ಏರ್‌ವೇಸ್ ಮತ್ತು ಐಬೀರಿಯಾ ಕೂಡಿ 2011ರಲ್ಲಿ ಕಟ್ಟಿದ ಐಎಜಿ ಸಮೂಹ 2013ರಲ್ಲಿ ವುಯೆಲಿಂಗನ್ನು ಕೊಂಡು, ಅದರ ಆಡಳಿತ ಮತ್ತು ವೆಚ್ಚದ ಶಿಸ್ತನ್ನು ಪ್ರತ್ಯೇಕವಾಗಿಯೇ ಉಳಿಸಿತು. ಹೊರಗೆ ಬೆಳೆದು ಬಂದ ಸಂಸ್ಥೆಗೆ ಹಳೆಯ ಮನೆಯ ಭಾರ ಇರಲಿಲ್ಲವಾದ್ದರಿಂದ ಅದು ನಿಂತಿತು. ಐಬೀರಿಯಾ ತನ್ನೊಳಗಿನಿಂದಲೇ 2012ರ ಮಾರ್ಚ್‌ನಲ್ಲಿ ಹೊರಡಿಸಿದ ಐಬೀರಿಯಾ ಎಕ್ಸ್‌ಪ್ರೆಸ್ ಕೂಡ ಉಳಿಯಿತು, ಆದರೆ ಪೈಲಟ್‌ಗಳ ಸರಣಿ ಮುಷ್ಕರಗಳನ್ನು ದಾಟಿದ ಮೇಲೆ.

ಅಗ್ಗದ ಸಂಸ್ಥೆಗಳೇ ತಾಯಂದಿರಾದಾಗ

2010ರ ದಶಕದಲ್ಲಿ ಅಂಗಸಂಸ್ಥೆಯ ಉಪಯೋಗವೇ ತಿರುವು ಪಡೆಯಿತು. ಅಲ್ಲಿಯವರೆಗೆ ಅಗ್ಗದವರನ್ನು ತಡೆಯಲು ದೊಡ್ಡವರು ಹಿಡಿದ ಗುರಾಣಿಯಾಗಿದ್ದ ಅದು, ಅಗ್ಗದವರ ಕೈಯಲ್ಲಿ ಗಡಿಗಳನ್ನು ದಾಟುವ ಉಪಕರಣವಾಯಿತು. ಬ್ಯೋರ್ನ್ ಶೂಸ್ ಮುನ್ನಡೆಸುತ್ತಿದ್ದ ನಾರ್ವೇಜಿಯನ್ ಸಂಸ್ಥೆ 2013ರಲ್ಲಿ ದೂರದ ಖಂಡಾಂತರ ಸೇವೆಗಳನ್ನು ಆರಂಭಿಸಿತು. ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯನಲ್ಲದ ಕಾರಣ, ಒಕ್ಕೂಟ ಇತರ ದೇಶಗಳೊಡನೆ ಮಾಡಿಕೊಂಡ ಒಪ್ಪಂದಗಳ ಲಾಭ ಪಡೆಯಲು 2014ರಲ್ಲಿ ಐರ್ಲೆಂಡಿನಲ್ಲಿ ಒಂದು ಅಂಗಸಂಸ್ಥೆಗೆ ಪರವಾನಗಿ ಪಡೆಯಿತು. ಹಡಗು ಸಾರಿಗೆಯಲ್ಲಿ ಕಡಿಮೆ ನಿರ್ಬಂಧಗಳಿರುವ ದೇಶದ ಬಾವುಟವನ್ನು ಹಾರಿಸಿ ಬೇರೆ ದೇಶದ ಮಾಲೀಕರು ವ್ಯಾಪಾರ ಮಾಡುವ ಪದ್ಧತಿಯನ್ನು ಅನುಕೂಲದ ಬಾವುಟ ಎನ್ನುತ್ತಾರೆ. ಅದೇ ರೋಗ ಆಕಾಶಕ್ಕೂ ಹಬ್ಬುತ್ತಿದೆಯೆಂದು ಅಮೆರಿಕದ ಮತ್ತು ಯುರೋಪಿನ ಪೈಲಟ್ ಸಂಘಗಳು ವಾದಿಸಿದವು, ಅದರ ಪರಿಣಾಮವಾಗಿ ಅಮೆರಿಕದ ಅನುಮತಿ ಸಿಗಲು 2016ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅತಿವೇಗದ ಬೆಳವಣಿಗೆಯ ಸಾಲ ಮತ್ತು ಕೋವಿಡ್ ಸೇರಿ 2021ರ ಆರಂಭದಲ್ಲಿ ಆ ಖಂಡಾಂತರ ಸಾಹಸವನ್ನು ಕೊನೆಗೊಳಿಸಿದವು.

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರು ಒಕ್ಕೂಟವನ್ನು ಬಿಡಲು ತೀರ್ಮಾನಿಸಿದಾಗ 1993ರ ನಿಯಮದ ಒಡೆತನದ ಷರತ್ತು ಮತ್ತೆ ಮುನ್ನೆಲೆಗೆ ಬಂತು. ಬ್ರಿಟಿಷ್ ಪರವಾನಗಿಯಿಂದ ಪ್ಯಾರಿಸ್ಸಿನಿಂದ ಬರ್ಲಿನ್ನಿಗೆ ಹಾರುವ ಹಕ್ಕು ಉಳಿಯುವಂತಿರಲಿಲ್ಲ. ಈಸಿಜೆಟ್ 2017ರ ಜುಲೈಯಲ್ಲಿ ವಿಯೆನ್ನಾದಲ್ಲಿ ಈಸಿಜೆಟ್ ಯುರೋಪ್ ಎಂಬ ಅಂಗಸಂಸ್ಥೆಯನ್ನು ನೋಂದಾಯಿಸಿತು. ವಿಝ್ ಏರ್ ತದ್ವಿರುದ್ಧ ದಿಕ್ಕಿನಲ್ಲಿ ಬ್ರಿಟನ್ನಿನಲ್ಲಿ ಒಂದು ಅಂಗಸಂಸ್ಥೆಯನ್ನು ತೆರೆಯಿತು. ರಯಾನ್‌ಏರ್ ಕೂಡ ಬ್ರಿಟನ್ನಿನಲ್ಲೊಂದು, ಪೋಲೆಂಡಿನಲ್ಲೊಂದು, ಮಾಲ್ಟಾದಲ್ಲೊಂದು ಕಂಪನಿ ಕಟ್ಟಿತು. ಪೋಲೆಂಡಿನ ಕಂಪನಿಗೆ 2019ರಲ್ಲಿ ಅದು ಇಟ್ಟ ಹೆಸರು ಬಝ್. ಹದಿನಾರು ವರ್ಷಗಳ ಹಿಂದೆ ಕೆಎಲ್‌ಎಂನಿಂದ ಕೊಂಡು ಮೂಲೆಗಿಟ್ಟಿದ್ದ ಆ ಹೆಸರು, ತಾನು ಎದುರಿಸಲೆಂದು ಹುಟ್ಟಿದ್ದ ಸಂಸ್ಥೆಯ ಮಗುವಾಗಿ ಮರುಹುಟ್ಟು ಪಡೆಯಿತು. ಮೋಟಾರು ಪಂದ್ಯಗಳ ವೀರ ನಿಕಿ ಲೌಡಾ ಆಸ್ಟ್ರಿಯಾದಲ್ಲಿ ಕಟ್ಟಿದ್ದ ಲೌಡಾಮೋಷನ್ 2019ರ ಹೊತ್ತಿಗೆ ರಯಾನ್‌ಏರ್‌ನ ಪಾಲಾಗಿತ್ತು. ಮರುವರ್ಷ ವೇತನದ ಬಗ್ಗೆ ಆಸ್ಟ್ರಿಯಾದ ಕಾರ್ಮಿಕ ಸಂಘದೊಡನೆ ಜಗಳವಾದ ಮೇಲೆ ಅದರ ಕೆಲಸವನ್ನು ಮಾಲ್ಟಾದಲ್ಲಿ ನೋಂದಾಯಿತವಾದ ಲೌಡಾ ಯುರೋಪ್‌ಗೆ ವರ್ಗಾಯಿಸಲಾಯಿತು.

ಕಾರ್ಮಿಕರ ಕಡೆಯಿಂದಲೂ ಇದೇ ಕಾಲದಲ್ಲಿ ಮುಖ್ಯವಾದ ಎರಡು ಘಟನೆಗಳು ನಡೆದವು. ಶಾರ್ಲೆರ್ವಾದಲ್ಲಿ ನೆಲೆಸಿ ದುಡಿಯುತ್ತಿದ್ದರೂ ಐರಿಷ್ ಕಾನೂನಿನ ಕರಾರಿಗೆ ಒಳಪಟ್ಟಿದ್ದ ವಿಮಾನ ಸಿಬ್ಬಂದಿಯ ಮೊಕದ್ದಮೆಯಲ್ಲಿ ಐರೋಪ್ಯ ನ್ಯಾಯಾಲಯ 2017ರ ಸೆಪ್ಟೆಂಬರ್ 14ರಂದು ತೀರ್ಪು ನೀಡಿತು. ದುಡಿಮೆಗೆ ಹೊರಟು ದುಡಿಮೆ ಮುಗಿಸಿ ಮರಳುವ ನಿಲ್ದಾಣ, ಅಂದರೆ ಸಿಬ್ಬಂದಿಯ ಮೂಲನೆಲೆ, ಯಾವ ದೇಶದ ನ್ಯಾಯಾಲಯಕ್ಕೆ ಹೋಗಬಹುದು ಎಂಬುದನ್ನು ನಿರ್ಣಯಿಸುವಲ್ಲಿ ಮಹತ್ವದ್ದೆಂದೂ, ವಿಮಾನ ನೋಂದಣಿಯಾದ ದೇಶವನ್ನೇ ದುಡಿಮೆಯ ಸ್ಥಳವೆಂದು ತಿಳಿಯಲಾಗದೆಂದೂ ಅದು ಸ್ಪಷ್ಟಪಡಿಸಿತು. ಅದೇ ತಿಂಗಳು ಪೈಲಟ್‌ಗಳ ರಜೆಯ ಹೊಂದಾಣಿಕೆ ತಪ್ಪಿ ರಯಾನ್‌ಏರ್ ಸಾವಿರಾರು ಸೇವೆಗಳನ್ನು ರದ್ದುಪಡಿಸಬೇಕಾಯಿತು. ಪೈಲಟ್‌ಗಳ ಕೊರತೆ ಅವರ ಬಲವನ್ನು ಹೆಚ್ಚಿಸಿತು. ಹುಟ್ಟಿದಾಗಿನಿಂದ ಕಾರ್ಮಿಕ ಸಂಘಗಳೊಡನೆ ವ್ಯವಹರಿಸಲು ನಿರಾಕರಿಸುತ್ತ ಬಂದಿದ್ದ ಸಂಸ್ಥೆ, 2017ರ ಡಿಸೆಂಬರ್‌ನಲ್ಲಿ ಅವುಗಳಿಗೆ ಮಾನ್ಯತೆ ನೀಡುವುದಾಗಿ ಮೊದಲ ಬಾರಿಗೆ ಒಪ್ಪಿತು.

ಲೆಕ್ಕದ ಎರಡು ಬದಿಗಳು

ಹದಿನೈದು ಆಸನಗಳ ಒಂದು ವಿಮಾನದಿಂದ ಆರಂಭವಾದ ರಯಾನ್‌ಏರ್ ಸಮೂಹ 2025ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ 20 ಕೋಟಿ ಪ್ರಯಾಣಿಕರನ್ನು ಒಯ್ದಿದೆ. ಈ ಬೆಳವಣಿಗೆಯ ಹಿಂದೆ ಒಂದೇ ಬಗೆಯ ವಿಮಾನ, ಬೇಗ ಮರಳಿಸುವ ಚುರುಕು, ತುಂಬಿದ ಆಸನಗಳು ಮತ್ತು ನೇರ ಮಾರಾಟಗಳಿಂದ ಬಂದ ಉಳಿತಾಯವಿದೆ. ಅದು ಯಾರನ್ನೂ ನೋಯಿಸದೆ ದುಂದನ್ನು ತಡೆದು ಗಳಿಸಿದ ನ್ಯಾಯವಾದ ಉಳಿತಾಯ, ಪ್ರಯಾಣವನ್ನು ಸಿರಿವಂತರ ಕೈಯಿಂದ ಬಿಡಿಸಿ ಬಡವರಿಗೆ ಮುಟ್ಟಿಸಿದ ಪುಣ್ಯವೂ ಅದರದೇ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಬಗೆಯ ಉಳಿತಾಯವೂ ಬೆರೆತು ಬಂದಿದೆ. ಅದೇ ವಿಮಾನದಲ್ಲಿ, ಅದೇ ಮಾರ್ಗದಲ್ಲಿ, ಅದೇ ಹೊಣೆ ಹೊತ್ತು ಕೆಲಸ ಮಾಡುವವರನ್ನು ಬೇರೆ ಹೆಸರಿನ ಕಂಪನಿಗೆ ಸೇರಿಸಿ ಕಡಿಮೆ ಸಂಬಳ ಕೊಡುವುದರಿಂದ ಬರುವ ಉಳಿತಾಯ ಅದು.

ಗೋದಿಂದ ಲೌಡಾ ಯುರೋಪ್‌ವರೆಗಿನ ಅಂಗಸಂಸ್ಥೆಗಳ ಸಾಲನ್ನು ನೋಡಿದಾಗ ಈ ಎರಡನ್ನೂ ಬೇರ್ಪಡಿಸಿ ಕಾಣಲು ಸಾಧ್ಯವಾಗುತ್ತದೆ. ಮೊದಲ ಬಗೆಯ ಉಳಿತಾಯವನ್ನು ಮೈಗೂಡಿಸಿಕೊಂಡ ವುಯೆಲಿಂಗ್‌ನಂಥವು ಯಾವ ಮನೆ ಸೇರಿದರೂ ಬಾಳಿದವು. ಎರಡನೆಯದನ್ನೇ ನೆಚ್ಚಿದ ಜೂನ್‌ನಂಥವು ಬಣ್ಣ ಒಣಗುವ ಮೊದಲೇ ಅಳಿದವು. ಐರೋಪ್ಯ ಒಕ್ಕೂಟ ಆಕಾಶವನ್ನು ಒಂದು ಮಾಡಿದ ದಿನವೇ ಆ ಆಕಾಶದಲ್ಲಿ ದುಡಿಯುವವರ ಹಕ್ಕುಗಳನ್ನೂ ಒಂದು ಮಾಡಿದ್ದರೆ ಇಷ್ಟೊಂದು ಹೆಸರುಗಳಿಗೆ, ಇಷ್ಟೊಂದು ಪರವಾನಗಿಗಳಿಗೆ, ಇಷ್ಟೊಂದು ಮುಷ್ಕರಗಳಿಗೆ ಕಾರಣವಿರುತ್ತಿರಲಿಲ್ಲ. 1993ರಲ್ಲಿ ಅರ್ಧಕ್ಕೆ ಬಿಟ್ಟ ಆ ಕೆಲಸವನ್ನು ನ್ಯಾಯಾಲಯಗಳೂ ಕಾರ್ಮಿಕ ಸಂಘಗಳೂ ಒಂದೊಂದೇ ಮೊಕದ್ದಮೆ, ಒಂದೊಂದೇ ಒಪ್ಪಂದದ ಮೂಲಕ ಪೂರೈಸುತ್ತ ಬಂದಿವೆ. ಶಾರ್ಲೆರ್ವಾದ ವಿಮಾನ ಸಿಬ್ಬಂದಿ ತಾವು ದುಡಿಯುವ ನೆಲದ ನ್ಯಾಯಾಲಯದಲ್ಲೇ ನ್ಯಾಯ ಕೇಳುವ ಹಕ್ಕನ್ನು ಗೆದ್ದುಕೊಂಡದ್ದು ಆ ದಾರಿಯ ಒಂದು ಮೈಲಿಗಲ್ಲು.